ಕಡಲಾಚೆಯ ನಮ್ಮ ಕೇರಿ

ನಮ್ಮೂರಲ್ಲಿ ಮಾತಾಡುವವರು ಎದುರಿಗಿದ್ದವರ ಕಣ್ಣು ನೋಡುವುದಿಲ್ಲ, ಮೂಗು ನೋಡುತ್ತಾರೆ. ಒಬ್ಬರು ಮಾತಾಡಿ ಬಾಯಿ ಮುಚ್ಚುವಷ್ಟರಲ್ಲಿ ಇನ್ನೊಬ್ಬರು ಸೀನಿದರೆ ಆ ಮಾತು ನಿಂತಿತೆಂದೇ, ನಿಜವಾಯಿತೆಂದೇ ಅರ್ಥ. ಆಮೇಲೆ ಆಡಿದವರು ಹಿಂತೆಗೆದುಕೊಳ್ಳುವಂತಿಲ್ಲ, ಕೇಳಿದವರು ಇಲ್ಲವೆನ್ನುವಂತಿಲ್ಲ. ತನ್ನ ಮಾತಿಗೆ ತಾನೇ ಸೀನಿದರೆ ಲೆಕ್ಕಕ್ಕಿಲ್ಲ. ಮೂಗಿಗೆ ಕಡ್ಡಿ ತೂರಿಸಿ ಬರಿಸಿಕೊಂಡದ್ದೂ ಲೆಕ್ಕಕ್ಕಿಲ್ಲ. ತಾನಾಗಿ ಬಂದದ್ದು ಮಾತ್ರ ಸೀನು. ಹೀಗಾಗಿ ನಮ್ಮೂರ ತಾಯಂದಿರು ಮಕ್ಕಳಿಗೆ ಬೈಯುವಾಗ "ನಿನ್ನ ಮನೆ ದೀಪ ಬೆಳಗಲಿ, ನಿನ್ನ ಕೊಟ್ಟಿಗೆ ತುಂಬಲಿ" ಎಂದು ಹಲ್ಲು ಕಡಿದು ಬೈಯುತ್ತಾರೆ. ಪರವೂರಿನವರು ಕೇಳಿದರೆ ಹರಸುತ್ತಿದ್ದಾರೆ ಅಂದುಕೊಳ್ಳಬೇಕು. ಊರಿನ ಬದುಕೆಲ್ಲ ನಡೆಯುವುದು ಮೆಣಸಿನ ವ್ಯಾಪಾರದಿಂದ. ಆದರೆ ಮೆಣಸಿನ ಉಗ್ರಾಣದೊಳಗೆ ಯಾರೂ ಬಾಯಿ ಬಿಡುವುದಿಲ್ಲ. ಹೆಗಲ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದೇ ದರ ಕುದುರಿಸುತ್ತಾರೆ.

ಇಷ್ಟೆಲ್ಲ ಜಾಗ್ರತೆ ಮಾಡಿದರೂ ಒಂದೊಂದು ಸಲ ತಪ್ಪುತ್ತದೆ. ಮಾರಸಿಂಗ ಎಂಬ ದೋಣಿಕಾರ ಒಂದು ಮದುವೆಯೂಟದ ಕೊನೆಗೆ, "ಇನ್ನೊಂದು ತುತ್ತು ತಿಂದರೆ ನಾನು ಮನುಷ್ಯನಲ್ಲ, ಹಲಸಿನಕಾಯಿ" ಎಂದು ಹೇಳಿ, ಹೇಳುತ್ತಲೇ ಒಂದು ತುತ್ತು ಬಾಯಿಗಿಟ್ಟ. ಪಕ್ಕದವನು ಸೀನಿದ. ಅಂದಿನಿಂದ ಅವನು ಹಲಸಿನಕಾಯಿ. ಮದುವೆಮನೆಗಳಲ್ಲಿ ಅವನಿಗೆ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ. ತರಕಾರಿ ಹೆಚ್ಚುವ ಕೋಣೆಯಲ್ಲಿ ಕೂರಿಸಿ ಬಡಿಸುತ್ತಾರೆ. ಅವನಿಗೂ ಅಭ್ಯಾಸವಾಗಿದೆ. ಅಲ್ಲಿ ಸೆಕೆ ಕಡಿಮೆ ಎನ್ನುತ್ತಾನೆ.

ಈ ಊರಿನಲ್ಲಿ ಈ ಸಂಗತಿ ನಡೆಯುವ ತನಕ ಒಂದು ಸಲವೂ ಮಾತಿನ ಮೇಲೆ ಸೀನಿಸಿಕೊಳ್ಳದೆ ಬದುಕಿದವಳು ಎಂದರೆ ನನ್ನ ದೊಡ್ಡಮ್ಮ ಪೊಲ್ಲಬ್ಬೆ. ನನ್ನ ತಾಯಿಯ ಅಕ್ಕ. ಗಂಡ ತೀರಿಕೊಂಡ ಮೇಲೆ ಬಂದರಿನ ಬದಿಯಲ್ಲಿ ನಾವಿಕರಿಗೆ ಅನ್ನ ಹಾಕುವ ಮನೆ ನಡೆಸುತ್ತಿದ್ದಳು. ರುಬ್ಬುವುದು, ಬಡಿಸುವುದು ನನ್ನ ಕೆಲಸ. ದೊಡ್ಡಮ್ಮ ಬಾಯಿ ತೆರೆಯುವ ಮುಂಚೆ ಕೂತವರ ಮೂಗುಗಳ ಮೇಲೆ ಒಂದು ಸಲ ಕಣ್ಣಾಡಿಸುತ್ತಿದ್ದಳು, ಆಮೇಲೆ ಬೈಯುತ್ತಿದ್ದಳು. ಎಲೆಯಲ್ಲಿ ಅನ್ನ ಬಿಟ್ಟವರಿಗಂತೂ ಉಳಿಗಾಲವಿರಲಿಲ್ಲ. ಹಡಗಿನವರು ಆ ದ್ವೀಪ, ಈ ರಾಜ್ಯ ಎಂದು ಕತೆ ಹೇಳಲು ಶುರುಮಾಡಿದರೆ ಅವಳು ಕೇಳುತ್ತಿದ್ದ ಪ್ರಶ್ನೆ ಒಂದೇ: "ಅಲ್ಲಿ ಏನು ಉಣ್ತಾರೆ?" ಉತ್ತರ ಕೇಳಿ "ಹೂಂ" ಎನ್ನುವಳು. ಪಾತ್ರೆ ತೊಳೆದು ಕವುಚಿಟ್ಟ ಮೇಲೆ ಹಡಗು ಕಟ್ಟುವ ಧಕ್ಕೆಯ ತುದಿಯವರೆಗೆ ಹೋಗಿ, ಹೊರಟ ಹಡಗು ಚುಕ್ಕಿಯಾಗುವ ತನಕ ನಿಂತು ಬರುವಳು. ಅದಕ್ಕಿಂತ ಮುಂದೆ ಅವಳು ಹೋದದ್ದಿಲ್ಲ. ವಿಧವೆ ಹೆಂಗಸು ಹೋಗುವುದಾದರೂ ಎಲ್ಲಿಗೆ?

ರೋಮಾಪುರಿಯ ಯವನರು ಪ್ರತಿ ವರ್ಷ ಮಳೆಗಾಳಿಯ ಬೆನ್ನು ಹಿಡಿದು ನಮ್ಮೂರಿಗೆ ಬರುತ್ತಿದ್ದರು. ದ್ರಾಕ್ಷಾರಸ, ಗಾಜಿನ ಬಟ್ಟಲು, ಬಂಗಾರ ಇಳಿಸಿ ಮೆಣಸು ತುಂಬಿಕೊಂಡು ಹೋಗುತ್ತಿದ್ದರು. ಆ ವರ್ಷ ಬಂದ ಹಡಗಿನಿಂದ ಒಬ್ಬ ಎತ್ತರದ ಬೋಳುತಲೆಯವನು ಇಳಿದು, ಉಗ್ರಾಣದ ಕಡೆ ತಿರುಗಿಯೂ ನೋಡದೆ ನೆಟ್ಟಗೆ ನಮ್ಮ ಮನೆಯ ಜಗಲಿ ಹತ್ತಿದ. ಹೆಸರು ಬಾಲ್ಬಿನಸ್. ಊರಿನವರ ಬಾಯಲ್ಲಿ ಸಂಜೆಯೊಳಗೆ ಬಾಳಪ್ಪನಾದ. ಅವನಿಗೆ ನಮ್ಮ ಮಾತು ಬರುತ್ತಿತ್ತು. ಆದರೆ ಕಲಿಸಿದವನು ಯಾವುದೋ ದೂರದ ಬಂದರಿನಲ್ಲಿದ್ದ ನಮ್ಮೂರ ವ್ಯಾಪಾರಿ, ಹಾಗಾಗಿ ಸಂತೆಯ ಮಾತು ಬಿಟ್ಟು ಬೇರೆ ಮಾತು ಬಾರದು.

"ಅಮ್ಮಾ, ಮರಳಿ ಬಂದೆ," ಎಂದು ದೊಡ್ಡಮ್ಮನಿಗೆ ಕೈಮುಗಿದ. "ನಿಮ್ಮ ಆರೋಗ್ಯ ಈ ಸಲ ಯಾವ ದರದಲ್ಲಿದೆ?"

ದೊಡ್ಡಮ್ಮ ಅವನ ಮೂಗು ನೋಡಿದಳು. ಒಣಗಿತ್ತು. "ಯಾರಪ್ಪ ನೀನು? ನಿನ್ನ ಮುಖ ನಾನು ಕಂಡಿಲ್ಲ."

"ಕಂಡಿದ್ದೀರಿ. ಹೋದ ಸಲ ಈ ಕಡಲಿಂದ ಬರಲಿಲ್ಲ. ಹಿಂದಿನ ಕಡಲಿಂದ ಬಂದೆ."

ಸಂಗತಿ ಏನೆಂದರೆ, ಈ ಬಾಳಪ್ಪ ಭೂಮಿ ಗುಂಡಗಿದೆ ಎಂದು ನಂಬಿದವನು. ಎಲ್ಲರೂ ಮೂಡಲಿಗೆ ಹೋಗಿ ಮೆಣಸಿನ ಊರು ಸೇರುತ್ತಾರೆ, ನಾನು ಪಡುವಲಿಗೆ ಹೋಗಿ ಹಿತ್ತಿಲ ಬಾಗಿಲಿಂದ ಸೇರುತ್ತೇನೆ ಎಂದು ಅವರ ಚಕ್ರವರ್ತಿಯ ಮುಂದೆ ಹೇಳಿ, ಹಡಗು ಪಡೆದು, ಯಾರೂ ಹೋಗದ ಪಡುವಣ ಮಹಾಸಾಗರಕ್ಕೆ ಇಳಿದಿದ್ದ. ನೀರು ಹುಳಿತು, ರೊಟ್ಟಿ ಹುಳ ಹಿಡಿದು, ಜೊತೆಯವರು ಇವನನ್ನೇ ಕಡಲಿಗೆ ನೂಕಬೇಕೆಂದು ಮಾತಾಡಿಕೊಳ್ಳುವ ಹೊತ್ತಿಗೆ ದಡ ಕಂಡಿತು. ಇಳಿದರೆ ಗೋಧಿಬಣ್ಣದ ಜನ, ಕಪ್ಪು ಕೂದಲು, ಗಿಳಿಗಳು, ನಾಲಿಗೆ ಸುಡುವ ಊಟ. ಇದು ಮೆಣಸಿನ ಊರಲ್ಲದೆ ಇನ್ನೇನು ಎಂದುಕೊಂಡ. ಮರಳಿ ಹೋಗಿ ಹಾಗೆಂದೇ ಸಾರಿದ. ಮೆರವಣಿಗೆಯಾಯಿತು. ಆದರೆ ಮೆಣಸಿನ ವ್ಯಾಪಾರದ ಹಳೇ ಹುಲಿಗಳು ಸುಮ್ಮನಿರುತ್ತಾರೆಯೇ? ಇವನು ತಂದದ್ದು ಕೆಂಪು, ಮೆಣಸು ಕಪ್ಪು ಎಂದು ಚಕ್ರವರ್ತಿಯ ಕಿವಿ ಊದಿದರು. ಚಕ್ರವರ್ತಿ ಹೇಳಿದ: ಹಳೇ ದಾರಿಯಲ್ಲೇ ಹೋಗು, ನಿನ್ನನ್ನು ಬಲ್ಲೆನೆಂದು ಹೇಳುವ ಒಬ್ಬರನ್ನು ಆ ಊರಿನಿಂದ ಕರೆದು ತಾ. ತರದಿದ್ದರೆ ತಲೆ ತೆಗೆಸುತ್ತೇನೆ.

"ತಲೆ ಒಂದೇ ಇದೆ," ಎಂದ ಬಾಳಪ್ಪ. "ಬದಲಿ ಮಾಲು ಇಲ್ಲ."

"ಅಯ್ಯೋ ಪಾಪ," ಎಂದಳು ದೊಡ್ಡಮ್ಮ. "ಆದರೆ ನಮ್ಮೂರಿಗೆ ಹಿತ್ತಿಲ ಬಾಗಿಲು ಅಂತ ಇಲ್ಲವಲ್ಲ ಮಾರಾಯ. ಕೈ ತೊಳ್ಕೋ, ಮೊದಲು ಉಣ್ಣು."

ಮಾರನೆಯ ದಿನ ಊರಿನ ಪಟ್ಟಣಸ್ವಾಮಿ ಕೇತಿಸೆಟ್ಟರು ಉಗ್ರಾಣದ ಅಂಗಳದಲ್ಲಿ ಸಭೆ ಕರೆದರು. ಮೆಣಸಿನ ವ್ಯಾಪಾರಿಗಳಿಗೆಲ್ಲ ಅವರೇ ಹಿರಿಯರು, ಸೀನು ಸರಿಯೋ ಸುಳ್ಳೋ ಎಂದು ತೀರ್ಪು ಕೊಡುವವರೂ ಅವರೇ. ಸೆಟ್ಟರಿಗೆ ಚಿಂತೆ ಹತ್ತಿತ್ತು. ಮೆಣಸು ಇನ್ನೊಂದು ಕಡೆಯೂ ಬೆಳೆಯುತ್ತದೆ ಎಂದಾದರೆ ಯವನರು ಇಷ್ಟು ದೂರ ಯಾಕೆ ಬಂದಾರು?

"ಇವನನ್ನು ನಾವು ಕಂಡಿಲ್ಲ, ಇವನ ಸರಕು ಮೆಣಸಲ್ಲ," ಎಂದು ಹೇಳಿ ಸೆಟ್ಟರು ಸುತ್ತ ನೋಡಿದರು. ಯಾರೂ ಸೀನಲಿಲ್ಲ.

ಬಾಳಪ್ಪ ಮೂಟೆ ಬಿಚ್ಚಿದ. ಒಣಗಿ ಸುಕ್ಕಾದ, ಬೆರಳುದ್ದದ ಕೆಂಪು ಕಾಯಿಗಳು. ಜನ ಮುಟ್ಟಿ ನೋಡಿದರು, ಮೂಸಿ ನೋಡಿದರು. ಹಲಸಿನಕಾಯಿಯಾದ ಮಾರಸಿಂಗ ಒಂದು ಕಾಯಿಯನ್ನು ಅಲ್ಲಾಡಿಸಿ ಕಿವಿಗೆ ಹಿಡಿದು, "ಒಳಗೆ ಬೀಜ ಮಾತಾಡ್ತವೆ" ಎಂದ.

"ಪೊಲ್ಲಕ್ಕಾ, ಇದು ಮೆಣಸೋ ಅಲ್ಲವೋ, ನೋಡಿ ಹೇಳು," ಎಂದರು ಸೆಟ್ಟರು.

"ನೋಡಿ ಹೇಳೋದಕ್ಕೆ ಇದೇನು ಹೆಣ್ಣೇ ಸೆಟ್ಟರೇ? ಹುರಿದು ಹೇಳಬೇಕು," ಎಂದಳು ದೊಡ್ಡಮ್ಮ. ಒಲೆ ಹೂಡಿ, ಕಬ್ಬಿಣದ ಬಾಣಲೆ ಇಟ್ಟು, ಹುರುಳಿ ಹುರಿಯುವ ಅಳತೆಯಲ್ಲೇ ಎರಡು ಬೊಗಸೆ ತುಂಬ ಸುರಿದಳು. ಪಾಪ, ಅವಳಿಗೆ ತಾನೇ ಏನು ಗೊತ್ತು?

ಬಾಳಪ್ಪ ಅಷ್ಟರಲ್ಲಿ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದ: "ನಾನು ಹೋದದ್ದು ಈ ಊರಿಗೇ. ನನಗೆ ಉಣ್ಣಲಿಕ್ಕಿಟ್ಟದ್ದು ಈ ತಾಯಿಯೇ. ಇದು ನಿಮ್ಮದೇ ಮೆಣಸಿನ ಕಾಯಿ."

ಘಾಟು ಎದ್ದಿತು. ಮೊದಲು ಒಲೆಯ ಹತ್ತಿರದವರು, ಆಮೇಲೆ ಅಂಗಳದವರು, ಆಮೇಲೆ ಗೋಡೆ ಹತ್ತಿ ಕೂತವರು. ಸೆಟ್ಟರು ಎರಡೂ ಕೈಯಿಂದ ಮೂಗು ಹಿಡಿದುಕೊಂಡರು, ಆದರೆ ಅವರ ಸೀನು ಕಿವಿಯಿಂದ ಬಂದ ಹಾಗೆ ಸದ್ದು ಮಾಡಿ ಬಂದೇ ಬಂತು. ಎತ್ತುಗಳು ಸೀನಿದವು. ಮಾಡಿನ ಮೇಲಿನ ಬೆಕ್ಕು ಸೀನಿ ಕೆಳಗೆ ಬಿತ್ತು. ಊರು ಹುಟ್ಟಿದಾಗಿನಿಂದ ಒಂದು ಮಾತಿನ ಮೇಲೆ ಇಷ್ಟು ಸೀನು ಬಿದ್ದದ್ದಿರಲಿಲ್ಲ. ಕಣ್ಣೊರೆಸಿಕೊಂಡು ಎಲ್ಲರೂ ಸುಮ್ಮನಾದಾಗ ಸೆಟ್ಟರು ನೆಲ ನೋಡುತ್ತ ಹೇಳಿದರು: "ನಿಂತಿತು."

ನಿಂತ ಮೇಲೆ ಮುಗಿಯಿತು. ಬಾಳಪ್ಪ ಮೊದಲೇ ನಮ್ಮೂರಿಗೆ ಬಂದು ಹೋದವನು. ಇನ್ನು ನೆನಪಿಸಿಕೊಳ್ಳುವುದಷ್ಟೇ ಬಾಕಿ. ಎರಡು ದಿನ ತಡವರಿಸಿದರು, ಮೂರನೆಯ ದಿನ ನೆನಪು ಶುರುವಾಯಿತು. ತಾನೇ ಅವನಿಗೆ ಮಜ್ಜಿಗೆ ಕೊಟ್ಟದ್ದೆಂದು ಹಲಸಿನಕಾಯಿ ಹೇಳಿದ. ಇಲ್ಲ, ನೀರು ಮಜ್ಜಿಗೆ ನೀನು ಕೊಟ್ಟದ್ದು, ದಪ್ಪ ಮಜ್ಜಿಗೆ ನಮ್ಮ ಮನೆಯದು ಎಂದು ಅವನ ನಾದಿನಿ ಜಗಳಕ್ಕೆ ಬಂದಳು. ಆ ಊರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಕಲ್ಲಿನ ಬೆಟ್ಟವಿತ್ತಲ್ಲ ಎಂದು ಬಾಳಪ್ಪ ಕೇಳಿದ್ದಕ್ಕೆ, ಅವನನ್ನು ಪುಷ್ಕರಣಿಗೆ ಕರೆದೊಯ್ದು ತೋರಿಸಿದರು. ಮೆಟ್ಟಿಲು ಅವೇ, ಬೆಟ್ಟ ಮಾತ್ರ ಕೆಳಮುಖವಾಗಿದೆ, ನೀನು ಹಿಂದಿನಿಂದ ಬಂದದ್ದಕ್ಕೆ ತಲೆಕೆಳಗಾಗಿ ಕಂಡಿರಬೇಕು ಎಂದರು. ಅವನು ಬಹಳ ಹೊತ್ತು ಬಗ್ಗಿ ನೋಡಿ, ತಲೆಯಾಡಿಸಿ ಒಪ್ಪಿದ. ಆಗ ಈ ಊರಲ್ಲಿ ಆಕಳು ಇರಲಿಲ್ಲವಲ್ಲ ಎಂದ. ಆ ವರ್ಷ ಆಕಳುಗಳೆಲ್ಲ ತವರಿಗೆ ಹೋಗಿದ್ದವು ಎಂದರು.

ಒಪ್ಪದವರು ಕೇತಿಸೆಟ್ಟರೊಬ್ಬರೇ. ಎದುರು ಮಾತೊಂದು ನಿಂತರೆ ಮೊದಲಿನದು ಬಿದ್ದುಹೋಗುತ್ತದೆಂದು ಅವರ ಲೆಕ್ಕ. ಅವರು ದಿನಾ ಬೆಳಿಗ್ಗೆ ಚಾವಡಿಯಲ್ಲಿ ಹತ್ತು ಜನರನ್ನು ಬಿಸಿಲಿಗೆ ಮುಖ ಮಾಡಿ ಕೂರಿಸಿ, "ಬಾಳಪ್ಪ ಬಂದೇ ಇರಲಿಲ್ಲ, ಬಂದೇ ಇರಲಿಲ್ಲ" ಎಂದು ಹೇಳಿ ಸೀನಿಗೆ ಕಾಯುವರು. ಹತ್ತೂ ಜನ ಆಕಳಿಸುವರು.

ಅತ್ತ ದೊಡ್ಡಮ್ಮನಿಗೆ ಬೇರೆಯೇ ತಲೆನೋವು. ಸೀನಿನ ಪ್ರಕಾರ ಬಾಳಪ್ಪನಿಗೆ ಉಣ್ಣಲಿಕ್ಕಿಟ್ಟವಳು ಅವಳೇ. ಹಾಗಿದ್ದ ಮೇಲೆ ಈ ಕಾಯಿಯ ಅಡುಗೆ ಅವಳಿಗೆ ಬರಬೇಕು. ಆದರೆ ಮಾಡಿದ್ದೆಲ್ಲ ಬೆಂಕಿಯಾಗುತ್ತಿತ್ತು. ಉಂಡವರು ಎದ್ದು ಬಾವಿಗೆ ಓಡುತ್ತಿದ್ದರು, ಮಾರನೆಯ ದಿನ ತಪ್ಪದೆ ಮತ್ತೆ ಬಂದು ಕೂರುತ್ತಿದ್ದರು. ಕೊನೆಗೊಂದು ಮಧ್ಯಾಹ್ನ ಅವಳು ಬಾಳಪ್ಪನ ಎಲೆಯ ಮುಂದೆ ಕೂತು ನೇರವಾಗಿ ಕೇಳಿದಳು.

"ನಾನು ಆಗ ನಿನಗೆ ಏನು ಮಾಡಿ ಹಾಕ್ತಿದ್ದೆ?"

"ಮುತ್ತಿನ ಹಾಗಿರುವ ಹಳದಿ ಕಾಳಿನ ರೊಟ್ಟಿ," ಎಂದ. "ಅದರ ಮೇಲೆ ಈ ಕೆಂಪು. ಉತ್ತಮ ಸರಕು. ಕಲಬೆರಕೆ ಇಲ್ಲ."

"ಕಾಯಿ ಹುರಿದೆನೋ, ನೆನೆಸಿದೆನೋ?"

"ತಿಳಿಯದು. ನಾನು ಕೊಳ್ಳುವವನು, ಮಾಡುವವನಲ್ಲ."

"ನಿನ್ನ ದೀಪ ಬೆಳಗಲಿ," ಎಂದು ಬೈದಳು. "ಎಲೆಯಲ್ಲಿ ಅನ್ನ ಬಿಟ್ಟಿದ್ದೀಯ, ಉಣ್ಣು."

ಬಾಳಪ್ಪ ನಕ್ಕ. "ಅಲ್ಲಿಯೂ ಹೀಗೇ. ಅವರ ಮಾತು ನನಗೆ ಬಾರದು, ಆದರೆ ಬೈಗುಳ ಇದೇ."

"ಅಲ್ಲಿ ಯಾರು? ನಾನೇ ಅಲ್ವಾ?" ಎಂದು ದೊಡ್ಡಮ್ಮ ತಿದ್ದಿದಳು. ಆಮೇಲೆ, "ಹೊರಡೋವಾಗ ನನಗೆ ಏನು ಹೇಳಿ ಹೋದೆ?" ಎಂದಳು.

ಬಾಳಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದ. "ಏನೂ ಹೇಳಲಿಲ್ಲ. ಗಾಳಿ ಚೆನ್ನಾಗಿತ್ತು. ಹೊರಟೆವು."

"ಹೇಳದೆ ಕೇಳದೆ?"

"ಹಡಗು ತಿರುಗಿದ ಮೇಲೆ ನೋಡಿದೆ. ನೀವು ದಡಕ್ಕೆ ಓಡಿ ಬಂದಿದ್ದಿರಿ. ಕೈಯಲ್ಲಿ ಒಂದು ಗಂಟು ಇತ್ತು."

"ಬುತ್ತಿ ಕಟ್ಟಿಕೊಂಡು ಬಂದಿದ್ದೆ," ಎಂದಳು ದೊಡ್ಡಮ್ಮ, ಮೆಲ್ಲಗೆ.

"ಇರಬಹುದು," ಎಂದ ಅವನು. ಮೊದಲ ಸಲ ಅವನಿಗೆ ಸಂತೆಯ ಮಾತು ಸಿಗಲಿಲ್ಲ.

ಆ ದಿನ ದೊಡ್ಡಮ್ಮ ಧಕ್ಕೆಯ ತುದಿಗೆ ಹೋಗಿ ನಿಂತವಳು, ಯಾವ ಹಡಗೂ ಹೊರಡದಿದ್ದರೂ, ಬಹಳ ಹೊತ್ತು ಬರಲಿಲ್ಲ. ನಾನೇ ಹೋಗಿ ಕರೆದೆ. "ಚಾಮೀ," ಎಂದಳು, "ಆ ಹೆಂಗಸು ಇನ್ನೂ ಗಂಟು ಹಿಡ್ಕೊಂಡೇ ನಿಂತಿರ್ತಾಳೆ ಕಣೇ." ತಿದ್ದುವ ಸರದಿ ನನ್ನದಾಗಿತ್ತು. ನಾನು ತಿದ್ದಲಿಲ್ಲ.

ಇಷ್ಟರಲ್ಲಿ ಕೇತಿಸೆಟ್ಟರಿಗೆ ಒಂದು ಉಪಾಯ ಹೊಳೆದಿತ್ತು. ಬೇಕೆಂದು ಬರಿಸಿದ ಸೀನು ಸೀನಲ್ಲ, ನಿಜ. ಆದರೆ ಅಡುಗೆಯ ಒಗ್ಗರಣೆಗೆ ಬಂದ ಸೀನು? ಅದನ್ನು ಯಾರೂ ಬರಿಸಿದ್ದಲ್ಲವಲ್ಲ! ಅವರು ಊರಿಗೆಲ್ಲ ಊಟ ಹಾಕಿಸುತ್ತೇನೆಂದು ಸಾರಿದರು. ಅಡುಗೆ ಪೊಲ್ಲಕ್ಕನದು, ಸಾರಿನ ಒಗ್ಗರಣೆ ಕೆಂಪು ಕಾಯಿಯದು. ಘಾಟು ಏಳುವ ಹೊತ್ತಿಗೆ ಸರಿಯಾಗಿ ತಮ್ಮ ಮಾತು ಹೇಳಿ ಮುಗಿಸುವುದು. ಆ ಮಾತನ್ನು ಅವರು ಮನೆಯಲ್ಲಿ ಹೆಂಡತಿಯ ಮುಂದೆ ಹಾಡಿನ ಹಾಗೆ ಬಾಯಿಪಾಠ ಮಾಡಿದರು. ಉಪಾಯ ಊರಿಗೆಲ್ಲ ತಿಳಿಯಿತು, ಬಾಳಪ್ಪನಿಗೂ ತಿಳಿಯಿತು. ಅವನು ಬಿಳಿಚಿಕೊಂಡು ನಮ್ಮ ಜಗಲಿಗೆ ಬಂದ.

"ಅಮ್ಮಾ, ತಲೆ ಈಗ ಬಹಳ ಅಗ್ಗಕ್ಕೆ ಹೋಗುವ ಹಾಗಿದೆ."

"ಉಪ್ಪಿನಕಾಯಿ ಭರಣಿ ಎತ್ತಿಕೊಡು," ಎಂದಳು ದೊಡ್ಡಮ್ಮ. ಅಷ್ಟೇ. ನನಗೂ ಅವಳು ಏನೂ ಹೇಳಿರಲಿಲ್ಲ.

ಊಟದ ದಿನ ಉಗ್ರಾಣದ ಅಂಗಳ ತುಂಬಿತ್ತು. ಸೆಟ್ಟರು ಒಲೆಯ ಬದಿಯಲ್ಲೇ ಮಣೆ ಹಾಕಿಸಿಕೊಂಡು ಕೂತರು. ಕೊಪ್ಪರಿಗೆಯಲ್ಲಿ ಸಾರು ಕುದಿಯುತ್ತಿತ್ತು. ದೊಡ್ಡಮ್ಮ ಸೌಟಿನಲ್ಲಿ ಎಣ್ಣೆ ಕಾಯಿಸಿ ಸಾಸಿವೆ ಹಾಕಿದಳು. ಸಾಸಿವೆ ಚಟಪಟ ಎಂದದ್ದೇ ಸೆಟ್ಟರು ಎದ್ದರು. ಆದರೆ ಸಭೆಯಲ್ಲಿ ಮಾತಾಡಿ ಅಭ್ಯಾಸವಾದವರು, ಸುಮ್ಮನೆ ಶುರುಮಾಡುವುದು ಅವರಿಂದ ಆಗಲಿಲ್ಲ. "ಸಮಸ್ತ ಪಟ್ಟಣದ ಸಮಸ್ತ ಹಿರಿಯರ, ಸಮಸ್ತ ವರ್ತಕರ, ನಾಲ್ಕು ದಿಕ್ಕಿನಿಂದ ಬಂದ ನೆಂಟರಿಷ್ಟರ ಸನ್ನಿಧಿಯಲ್ಲಿ..." ಎನ್ನುತ್ತ ಅವರು ಇನ್ನೂ ನೆಂಟರಲ್ಲೇ ಇದ್ದರು. ದೊಡ್ಡಮ್ಮ ಕೆಂಪು ಕಾಯಿ ಮುರಿದು ಸೌಟಿಗೆ ಹಾಕಿದಳು. ಘಾಟು ಮೂಗಿಗೆ ಮುಟ್ಟಲು ಎಷ್ಟು ಹೊತ್ತು ಬೇಕೆಂದು ಅಷ್ಟು ಜನರಲ್ಲಿ ಬಲ್ಲವಳು ಅವಳೊಬ್ಬಳೇ. ಸೌಟು ಎತ್ತಿ ಹಿಡಿದು, ಗಟ್ಟಿಯಾಗಿ, ಯಾರ ಮೂಗನ್ನೂ ನೋಡದೆ ಹೇಳಿದಳು:

"ಊರು ಒಂದೇ, ಕೇರಿ ಎರಡು! ಕಪ್ಪಿದು ಒಳ್ಳೆಮೆಣಸು, ಈಚೆ ಕೇರಿದು, ಬೇಕಾದವರು ಇಲ್ಲಿಗೇ ಬರಬೇಕು. ಕೆಂಪಿದು ಮೆಣಸಿನಕಾಯಿ, ಕಡಲಾಚೆ ಕೇರಿದು. ಸಾಕ್ಷಿ ನಾನೇ ಹೇಳ್ತೀನಿ, ಆಮೇಲೆ ಆಚೆ ಕೇರಿಗೆ ಹೋಗಿ..."

ಸೀನು ಸಿಡಿಯಿತು. ಸೆಟ್ಟರೇ ಮೊದಲು. ಅಂಗಳವಿಡೀ ಸೀನಿ, ಸೀನಿ, ಎಲೆಗಳು ಹಾರಿ, ಹಲಸಿನಕಾಯಿ ತರಕಾರಿ ಕೋಣೆಯಿಂದ ಸೀನುತ್ತ ಹೊರಬಂದ. ಎಲ್ಲ ಅಡಗಿದಾಗ ಸೆಟ್ಟರು ಮೂಗೊರೆಸಿಕೊಂಡು ಯೋಚಿಸಿದರು. ಕಪ್ಪು ಮೆಣಸು ಒಳ್ಳೆಯದಾಯಿತು, ಬೇಕಾದವರು ಇಲ್ಲಿಗೇ ಬರಬೇಕು. ಮೊದಲನೆಯ ಮಾತೂ ಉಳಿಯಿತು, ವ್ಯಾಪಾರವೂ ಉಳಿಯಿತು. ಅವರ ಮುಖ ಅರಳಿತು. "ನಿಂತಿತು!" ಎಂದರು. ಬಾಳಪ್ಪ ತನ್ನ ಬೋಳುತಲೆಯನ್ನು ಎರಡೂ ಕೈಯಿಂದ ಸವರಿಕೊಂಡ, ಕಳೆದ ಪಾತ್ರೆ ಸಿಕ್ಕಿದವರ ಹಾಗೆ.

ನಾನು ಮಾತ್ರ ದೊಡ್ಡಮ್ಮನನ್ನು ನೋಡುತ್ತಿದ್ದೆ. ಅವಳ ಬಾಯಿ ಇನ್ನೂ ತೆರೆದೇ ಇತ್ತು. "ಹೋಗಿ ಬರ್ತೀನಿ" ಎನ್ನಬೇಕಿತ್ತು. "ಹೋಗಿ" ಎಂಬಲ್ಲಿಗೆ ಸೀನು ಬಿತ್ತು. ಬರುವ ಮಾತು ಯಾರಿಗೂ ಕೇಳಿಸಲೇ ಇಲ್ಲ. ಅಲ್ಲಿದ್ದ ಹೆಂಗಸರಿಗೆಲ್ಲ ಅದು ಒಟ್ಟಿಗೇ ಹೊಳೆಯಿತು. ನನ್ನ ತಾಯಿ ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದಳು.

"ಅಳಬೇಡ್ವೇ. ಜನ್ಮದಲ್ಲಿ ಒಂದು ಸಲ ಸೀನಿಸಿಕೊಂಡೆ, ಅದೂ ಅರ್ಧಕ್ಕೆ," ಎಂದಳು ದೊಡ್ಡಮ್ಮ. ಸೌಟನ್ನು ನನ್ನ ಕೈಗೆ ಕೊಟ್ಟಳು. "ಸಾರು ಆರ್ತದೆ, ಬಡಿಸು ಚಾಮೀ."

ಗಾಳಿ ತಿರುಗಿದ ಮೇಲೆ ಅವಳು ಹೊರಟಳು. ಒಂದು ಮೂಟೆ ಅಕ್ಕಿ, ಒಂದು ಚೀಲ ಒಳ್ಳೆಮೆಣಸು, ಒರಳುಕಲ್ಲು. ಒರಳುಕಲ್ಲು ಹೊತ್ತವನು ಬಾಳಪ್ಪ. ಕೈಯಲ್ಲಿ ಅವಳೇ ಹಿಡಿದುಕೊಂಡದ್ದು ಒಂದು ಬುತ್ತಿಯ ಗಂಟು. ಅಷ್ಟು ದೂರಕ್ಕೆ ಅದು ಹಳಸದೆ ಇರುತ್ತದೆಯೇ ಎಂದು ನಾನು ಕೇಳಲಿಲ್ಲ. ಧಕ್ಕೆಯ ತುದಿಯಲ್ಲಿ ಈ ಸಲ ನಿಂತವಳು ನಾನು. ಹೊರಡುವಾಗ ಅವಳು "ಹೋಗಿ ಬರ್ತೀನಿ" ಎಂದು ಎರಡು ಮೂರು ಸಲ ನಮ್ಮೆಲ್ಲರ ಮೂಗು ನೋಡಿ ನೋಡಿ ಹೇಳಿದಳು. ನಾವೂ ಬಿಸಿಲಿಗೆ ಮುಖವೆತ್ತಿ ನಿಂತೆವು. ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ.

ಮರುವರ್ಷದ ಯವನರ ಹಡಗು ಸುದ್ದಿ ತಂದಿತು. ದೊಡ್ಡಮ್ಮ ಚಕ್ರವರ್ತಿಯ ಮುಂದೆ ನಿಂತು, "ಇವನನ್ನು ಬಲ್ಲೆ. ಎಲೆಯಲ್ಲಿ ಅನ್ನ ಬಿಟ್ಟು ಏಳ್ತಾನೆ" ಎಂದಳಂತೆ. ಬಾಳಪ್ಪನ ಜೊತೆ ಒಂದು ಸಲವಾದರೂ ಉಂಡವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡವಂತೆ; ಚಕ್ರವರ್ತಿ ನಕ್ಕು ಅವನ ತಲೆ ಅವನಿಗೇ ಬಿಟ್ಟನಂತೆ. ಆಮೇಲೆ ಅವರಿಬ್ಬರೂ ಪಡುವಣ ಸಾಗರಕ್ಕೆ ಇಳಿದರು. ಅಲ್ಲಿಂದ ಮುಂದೆ ಸುದ್ದಿಯಿಲ್ಲ. ಅದರ ಮರುವರ್ಷವೂ ಇಲ್ಲ.

ಅವಳು ಬಿಟ್ಟುಹೋದ ಬೀಜದಿಂದ ನಮ್ಮ ಹಿತ್ತಿಲಲ್ಲಿ ಎದ್ದ ಗಿಡ ಈಗ ಎಲ್ಲರ ಹಿತ್ತಿಲಲ್ಲೂ ಇತ್ತು. ಊರವರಿಗೆ ಆಚೆ ಕೇರಿಯ ಅಭ್ಯಾಸವೂ ಆಗಿತ್ತು. ಮದುವೆಗಳಲ್ಲಿ ಆ ಕೇರಿಯವರಿಗೆಂದು ಒಂದು ಪಂಕ್ತಿ ಎಲೆ ಹಾಕಿ ಕಾಯುವರು, ಬರದಿದ್ದರೆ "ಅವರದು ಯಾವಾಗಲೂ ಹೀಗೇ" ಎಂದು ಮುನಿಸಿಕೊಳ್ಳುವರು. ಆದರೆ ಪೊಲ್ಲಬ್ಬೆಯ ವಿಷಯಕ್ಕೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಆಡಿ, ಅದರ ಮೇಲೆ ಯಾರಾದರೂ ಸೀನಿಬಿಟ್ಟರೆ? ಅವಳ ಗಂಡನ ಕಡೆಯವನೊಬ್ಬ ಅನ್ನದ ಮನೆಯನ್ನು ತನ್ನ ವಶಕ್ಕೆ ಕೇಳಲು ಬಂದು, "ಆಕೆ ಇನ್ನು" ಎಂದು ಬಾಯಿ ತೆರೆದಾಗ, ಕೇತಿಸೆಟ್ಟರೇ ಹಾರಿಬಂದು ಅವನ ಬಾಯಿ ಮುಚ್ಚಿದರು. ಹಲಸಿನಕಾಯಿ ಅಲ್ಲಿದ್ದ ಅಷ್ಟೂ ಜನರ ಮೂಗು ಮುಚ್ಚಿಸಿದ.

ಅದಾದ ಮೇಲೆ ಒಂದು ರೂಢಿ ಹುಟ್ಟಿತು. ಯಾರು ಮೊದಲು ಮಾಡಿದರೋ ಗೊತ್ತಿಲ್ಲ. ಒಗ್ಗರಣೆಗೆ ಮೆಣಸಿನಕಾಯಿ ಮುರಿದು ಹಾಕುವಾಗ ಮನೆಮನೆಯ ಹೆಂಗಸರೂ ಮಕ್ಕಳ ಮದುವೆ, ಗಂಡನ ಬುದ್ಧಿ, ತಮ್ಮ ತಮ್ಮ ಆಸೆಗಳನ್ನೆಲ್ಲ ಬದಿಗಿಟ್ಟು "ಪೊಲ್ಲಕ್ಕ ಬರ್ತಾಳೆ" ಎಂದು ಹೇಳಿ ಸೌಟು ಅಲ್ಲಾಡಿಸುವರು. ಒಳಗಿದ್ದವರು ಸೀನುವರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಒಂದು ಬೀದಿಯಲ್ಲಿ ನಿಂತರೆ ಇನ್ನೊಂದು ಬೀದಿಯದು ಕೇಳಿಸುತ್ತಿತ್ತು. ಹಾದಿಯಲ್ಲಿ ಯಾರಾದರೂ ಮೂಗು ಸಿಂಡರಿಸಿದರೆ ಸಾಕು, ಕಂಡವರು ಓಡಿಬಂದು ಅದನ್ನೇ ಹೇಳುವರು. ಸೆಟ್ಟರು ಸಭೆಯ ನಡುವೆ "ಸಮಸ್ತ" ಎಂಬಲ್ಲಿಗೇ ನಿಲ್ಲಿಸಿ ಹೇಳಿದ್ದನ್ನು ನಾನೇ ಕಂಡಿದ್ದೇನೆ.

ಹೀಗೆ ಇನ್ನೊಂದು ಮಳೆಗಾಲ ಕಳೆದು, ಕಾಲವಲ್ಲದ ಕಾಲದಲ್ಲಿ, ಯಾವ ಹಡಗೂ ಬರಬಾರದ ಗಾಳಿಯಲ್ಲಿ 'ಹಡಗು' ಎಂದು ಯಾರೋ ಕೂಗಿದರು. ಹಾಯಿ ಹರಿದಿತ್ತು, ಹಾಯಿಯ ಮರ ಓಲಾಡುತ್ತಿತ್ತು. ಅಷ್ಟಾದರೂ ಯಾರೋ ಹಿಂದಿನಿಂದ ನೂಕುತ್ತಿರುವ ಹಾಗೆ ನೆಟ್ಟಗೆ ಬಂದು ಧಕ್ಕೆಗೆ ಗುದ್ದಿ ನಿಂತಿತು. ಒರಳುಕಲ್ಲು ಹೊತ್ತು ಬಾಳಪ್ಪ ಇಳಿದ. ಹಿಂದಿನಿಂದ ದೊಡ್ಡಮ್ಮ ಇಳಿದಳು, ಬಿಸಿಲಿಗೆ ಇನ್ನಷ್ಟು ಕಪ್ಪಾಗಿ, ಕಿವಿಯಲ್ಲಿ ಗರಿಯ ಓಲೆ ಹಾಕಿಕೊಂಡು, ಕಂಕುಳಲ್ಲಿ ಹಳದಿ ಕಾಳಿನ ಒಂದು ಚೀಲ ಇಟ್ಟುಕೊಂಡು. ಊರೆಲ್ಲ ನೆರೆದಿತ್ತು. ನನ್ನ ತಾಯಿ ಓಡಿಹೋಗಿ ಅಪ್ಪಿಕೊಂಡಳು. ದೊಡ್ಡಮ್ಮ ಅವಳ ಬೆನ್ನು ಸವರುತ್ತಲೇ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಕಣ್ಣಲ್ಲ, ಮೂಗು.

"ಯಾರದು, ಮೂರು ಹೊತ್ತೂ ಇಲ್ಲಿ ನನ್ನ ಹೆಸರು ಹಿಡಿದು ಸೀನ್ತಾ ಇದ್ದದ್ದು?" ಎಂದು ಶುರುಮಾಡಿದಳು. "ನಿಮ್ಮ ಮನೆಗಳೆಲ್ಲ ತಂಪಾಗಿರಲಿ, ನಿಮ್ಮ ದೀಪಗಳೆಲ್ಲ ಬೆಳಗಲಿ! ಆಚೆ ಕೇರಿಯ ಆ ಗಂಟಿನವಳು ಈಗಷ್ಟೇ ಕಾಯಿ ನೆನೆಸೋದು ಹೇಳಿಕೊಟ್ಟಿದ್ದಳು, ಇನ್ನೂ ರುಬ್ಬೋದು ಬಾಕಿ ಇತ್ತು. ಇನ್ನೊಂದು ವರ್ಷ ಇರೋಣ ಅಂದ್ರೆ ನಿಮ್ಮ ಸೀನಿನ ಗಾಳಿ ನಿಲ್ಲೋಕೆ ಬಿಟ್ಟರೆ ತಾನೇ!"